ಗಜೇಂದ್ರನ ಹೊಟ್ಟೆ

ಪ್ಲೇನೋ
ಅಕ್ಟೋಬರ್ 4, 2020

ಸುಧಿ,

ಫೋನ್ ಮಾಡುವುದು ಬಿಟ್ಟು ಅಕ್ಕ ಇಮೇಲ್ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಮಾತಾಡಿದರೆ ನಿಮ್ಮ ಭಾವನಿಗೆ ಕೇಳಿಸುತ್ತದೆ. ಕಿಡ್ನಿ ಎರಡೂ ಕೈಕೊಟ್ಟ ಮೇಲೆ ಇವರ ಕಿವಿ ಮಾತ್ರ ಎಷ್ಟು ಚುರುಕಾಗಿದೆ ಎಂದರೆ, ಅಡುಗೆಮನೆಯಲ್ಲಿ ನಾನು ಉಪ್ಪಿನ ಡಬ್ಬಿ ಮುಚ್ಚಳ ತೆಗೆದರೂ ಹಾಲ್‌ನಿಂದ ‘ಇಂದೂ, ಅರ್ಧ ಚಮಚ’ ಎಂದು ಕೂಗುತ್ತಾರೆ.

ವಿಷಯ ಗಜೇಂದ್ರನದು. ಅದೇ, ಮಿನೆಸೋಟಾದಿಂದ ಇಲ್ಲಿಗೆ ಶಿಫ್ಟ್ ಆಗುವಾಗ ಸೋಫಾ ಬಿಟ್ಟು ಇವರು ಹೊತ್ತು ತಂದ, ಹಿಮ ಎತ್ತಿ ಎಸೆಯುವ ಸ್ನೋ ಬ್ಲೋವರ್. ಗೃಹಪ್ರವೇಶದ ದಿನ ಎಲ್ಲರೆದುರು ನೀನು ‘ಭಾವ, ಟೆಕ್ಸಾಸ್‌ನಲ್ಲಿ ಇದ್ರಲ್ಲಿ ಏನ್ ಎತ್ತಿ ಹಾಕ್ತೀರಾ, ಬಿಸ್ಲಾ?’ ಎಂದು ಕೇಳಿದೆಯಲ್ಲ, ಅದು. ಆ ಮಾತನ್ನು ಇವರು ಇನ್ನೂ ಜೀರ್ಣಿಸಿಕೊಂಡಿಲ್ಲ. ಹಾಗಾಗಿ ನಿನ್ನನ್ನು ಕೇಳಿ ರಿಪೇರಿ ಮಾಡುತ್ತಿದ್ದೇನೆ ಎಂದು ಗೊತ್ತಾದರೆ ನನ್ನ ಕಥೆ ಮುಗಿಯಿತು.

ಮಿನೆಸೋಟಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಆರ್ನಿ ಎಂಬ ಮುದುಕ ಇದ್ದ, ನೀನೂ ನೋಡಿದ್ದೀಯ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದ. ಹಿಮ ಬಿದ್ದ ಬೆಳಿಗ್ಗೆ ಇವರು ಗಜೇಂದ್ರನನ್ನು ಎಬ್ಬಿಸಿಕೊಂಡು ಹೋಗಿ, ನಮ್ಮ ಡ್ರೈವ್‌ವೇಗಿಂತ ಮೊದಲು ಅವನ ಮನೆ ಮುಂದಿನ ದಾರಿಯ ಹಿಮ ಬಿಡಿಸಿಕೊಟ್ಟು ಬರುತ್ತಿದ್ದರು. ‘ನಮ್ದು ಆಫೀಸು, ಲೇಟಾದ್ರೂ ನಡಿಯುತ್ತೆ. ಅವನದು ರಕ್ತ’ ಎನ್ನುತ್ತಿದ್ದರು. ಈಗ ಅದೇ ಮಂಗಳವಾರ, ಗುರುವಾರ, ಶನಿವಾರ ಇವರ ಪಾಲಿಗೂ ಬಂದಿದೆ. ಡಯಾಲಿಸಿಸ್ ಶುರುವಾದ ಮೇಲೆ ಇದು ಮೊದಲ ಚಳಿಗಾಲ. ಈ ಸಲ ಹಿಮ ಬಿದ್ದೇ ಬೀಳುತ್ತದೆ, ಹಿಂದಿನ ಗಲ್ಲಿ ಮುಚ್ಚಿಹೋಗುತ್ತದೆ, ಕಾರು ಹೊರಡುವುದಿಲ್ಲ ಎಂದು ಇವರಿಗೆ ಭಯ ಹಿಡಿದಿದೆ. ಗರಾಜಿನಿಂದ ಗಲ್ಲಿಗೆ ಏರು, ಬಿಸಿಲು ತಾಗದ ಜಾಗ. ಭಯ ಸುಳ್ಳೆಂದು ನಾನು ಹೇಗೆ ಹೇಳಲಿ?

ಗಜೇಂದ್ರ ಮಾತ್ರ ಏಳುತ್ತಿಲ್ಲ. ಇವರ ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗೆಂದು ನರ ಜೋಡಿಸಿದ್ದಾರೆ, ಭಾರ ಎತ್ತುವಂತಿಲ್ಲ, ಎಳೆಯುವಂತಿಲ್ಲ. ಬಲಗೈಯಲ್ಲಿ ಕಸುವಿಲ್ಲ. ಇಂಜಿನ್ ಎಬ್ಬಿಸುವ ಹಗ್ಗ ಎಳೆಯುವವಳು ನಾನು, ಕುರ್ಚಿ ಹಾಕಿಕೊಂಡು ‘ಜೋರಾಗಿ, ಜೋರಾಗಿ’ ಎನ್ನುವವರು ಇವರು. ನಿನ್ನೆ ಎಳೆದೂ ಎಳೆದೂ ನನ್ನ ರೆಟ್ಟೆ ಬಿದ್ದುಹೋಯಿತು. ಆಮೇಲೆ ಇವರು ಒಳಗೆ ಹೋಗಿ ಮಲಗಿದರು. ಬೈದಿದ್ದರೆ ಚೆನ್ನಾಗಿತ್ತು. ಇಲ್ಲಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಸ್ನೋ ಬ್ಲೋವರ್ ಎಂದ ಕೂಡಲೇ ನಕ್ಕ.

ನೀನು ದಿನವೆಲ್ಲ ಪಂಪು, ವಾಲ್ವು ಬಿಚ್ಚುವವನು. ಏನು ಮಾಡಬೇಕು ಬರೆ. ನನಗೆ ತಿಳಿಯುವ ಹಾಗೆ ಬರೆ.

ಇಂದು ಅಕ್ಕ

*

ಸೈಪ್ರೆಸ್
ಅಕ್ಟೋಬರ್ 11, 2020

ಅಕ್ಕಾ,

ನಿನ್ನ ಮೇಲ್ ಓದಿ ಮೊದಲು ನಕ್ಕೆ, ಆಮೇಲೆ ಆರ್ನಿಯ ವಿಷಯಕ್ಕೆ ಬಂದಾಗ ನಗು ನಿಂತಿತು. ಭಾವ ಅದನ್ನು ಯಾವತ್ತೂ ಹೇಳಿಕೊಂಡಿರಲಿಲ್ಲ.

ಆದರೂ ಒಂದು ಮಾತು. ಪ್ಲೇನೋದಲ್ಲಿ ಹಿಮ ಎಂದರೆ ಬೆಳಿಗ್ಗೆ ಬಿದ್ದು ಮಧ್ಯಾಹ್ನ ಕರಗುವ ಪದಾರ್ಥ. ಮಕ್ಕಳು ಅದನ್ನೆಲ್ಲ ಬಳಿದು ಒಂದು ಗೊಂಬೆ ಮಾಡಿದರೆ ಊರಿನ ಹಿಮವೇ ಮುಗಿದುಹೋಗುತ್ತದೆ. ಭಾವನ ಭಯಕ್ಕೆ ಔಷಧಿ ಬೇಕು, ಸರಿ. ಗಜೇಂದ್ರನನ್ನು ಕೂಗಿಸೋಣ. ಅವರ ಸಮಾಧಾನಕ್ಕೆ.

ಟೆಕ್ಸಾಸಿನ ಈ ಮೂಲೆಯಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು ನಾನೇ ಬಂದು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಿದ್ದೆ. ಆದರೆ ನಮ್ಮ ಪ್ಲಾಂಟಿನಲ್ಲಿ ವಾರಕ್ಕೊಬ್ಬರಿಗೆ ಕೋವಿಡ್ ಬರುತ್ತಿದೆ. ನಾನು ಹೊತ್ತು ತಂದು ಭಾವನಿಗೆ ಅಂಟಿಸಿದರೆ ಈ ಜನ್ಮದಲ್ಲಿ ನಿನ್ನ ಮುಖ ನೋಡಲಾಗುವುದಿಲ್ಲ.

ಮೊದಲ ಪ್ರಶ್ನೆ, ಇದೇ ಮುಖ್ಯ: ಪ್ರತಿ ವರ್ಷ ಟ್ಯಾಂಕ್ ಒಣಗಿಸಿ ಇಡುತ್ತಿದ್ದರೇ? ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಅಂಟು ಕಟ್ಟಿ ಒಳಗಿನ ಸಣ್ಣ ದಾರಿಗಳು ಮುಚ್ಚಿಹೋಗುತ್ತವೆ. ಟ್ಯಾಂಕ್ ಒಣಗಿದ್ದರೆ ಆ ತೊಂದರೆ ಇಲ್ಲ, ಆಗ ಸ್ಪಾರ್ಕ್ ಪ್ಲಗ್ ಹೋಗಿರಬೇಕು. ಹೊಸದು ತರಿಸಿ ಹಾಕು. ಕೈಯಲ್ಲಿ ತಿರುಗಿಸಿ ಕೂರಿಸಿ, ಕೊನೆಗೆ ಸ್ಪ್ಯಾನರ್‌ನಲ್ಲಿ ಸ್ವಲ್ಪವೇ ಬಿಗಿ ಮಾಡು. ಉಪ್ಪಿನಕಾಯಿ ಭರಣಿ ಮುಚ್ಚುವ ಹಾಗೆ ಮೈಮೇಲೆ ಬಿದ್ದು ತಿರುವಬೇಡ.

ಸುಧೀಂದ್ರ

*

ಪ್ಲೇನೋ
ಅಕ್ಟೋಬರ್ 26, 2020

ಸುಧಿ,

ಪ್ಲಗ್ ಬಂತು, ಹಾಕಿದೆ, ಭರಣಿ ಮುಚ್ಚಿದ ಹಾಗೆ ಮುಚ್ಚಲಿಲ್ಲ. ಗಜೇಂದ್ರ ಒಂದು ಸಲ ಕೆಮ್ಮಿದ, ಅಷ್ಟೇ. ಇವರ ಮುಖ ಅರಳಿ ಮತ್ತೆ ಬಾಡಿತು.

ಟ್ಯಾಂಕಿನ ವಿಷಯ ಇವರನ್ನೇ ಸುತ್ತಿಬಳಸಿ ಕೇಳಿದೆ. ‘ಮಾರ್ಚ್ ಬಂದ್ರೆ ಕೊನೇ ಹನಿ ಉರಿದು ಇಂಜಿನ್ ತಾನೇ ನಿಲ್ಲೋವರೆಗೂ ಓಡಿಸಿ ಒಣಗಿಸ್ತೀನಿ, ಒಂದ್ ವರ್ಷಾನೂ ತಪ್ಪಿಸಿಲ್ಲ’ ಎಂದರು. ಹೌದು, ನಾನೇ ನೋಡಿದ್ದೇನೆ. ಹಿಮವಿಲ್ಲದ ಈ ಊರಲ್ಲೂ ಪ್ರತಿ ಮಾರ್ಚ್‌ನಲ್ಲಿ ಒಣಗಿಸುತ್ತಾರೆ.

ನಿನ್ನೆ ಆಯುಧ ಪೂಜೆ ಚೆನ್ನಾಗಿ ಆಯಿತು. ಜನ ಇಲ್ಲ, ನಾವಿಬ್ಬರೇ. ಶ್ರಾವಣಿ ಸೀಡರ್ ಪಾರ್ಕಿನಿಂದ ವಿಡಿಯೋದಲ್ಲಿ ಬಂದಳು. ಮಂಗಳಾರತಿ ನಡೆಯುತ್ತಿರುವಾಗ ‘ಅಮ್ಮಾ, ಯೂ ಆರ್ ಆನ್ ಮ್ಯೂಟ್’ ಎಂದಳು. ಎರಡೂ ಕಾರು, ನನ್ನ ಹೊಲಿಗೆ ಮಷೀನು, ಇವರ ಲ್ಯಾಪ್‌ಟಾಪ್, ಎಲ್ಲಕ್ಕೂ ಕುಂಕುಮ. ಗಜೇಂದ್ರನಿಗೆ ಯಾವತ್ತಿನಂತೆ ದೊಡ್ಡ ಹಾರ, ಹಿಮ ಉಗುಳುವ ಸೊಂಡಿಲಿಗೆ ಅರಿಶಿನ. ಯಾವತ್ತಿನಂತೆ ಹಿಂದಿನ ದಿನವೇ ಹೊಟ್ಟೆ ತುಂಬ ಪೆಟ್ರೋಲ್ ಹಾಕಿಟ್ಟಿದ್ದೆ. ಪೂಜೆಯ ದಿನ ಅಕ್ಕಿ ಡಬ್ಬ, ಕೊಡ, ದೀಪ ಯಾವುದೂ ಖಾಲಿ ಇರಬಾರದು ಎಂದು ಅಮ್ಮ ಹೇಳುತ್ತಿದ್ದಳಲ್ಲ. ಖಾಲಿ ಹೊಟ್ಟೆಯವನಿಗೆ ಆರತಿ ಎತ್ತುವುದು ಹೇಗೆ? ಇವರು ಅದನ್ನೆಲ್ಲ ಗಮನಿಸುವವರಲ್ಲ.

ಮುಂದೇನು ಮಾಡಲಿ ಬೇಗ ಬರೆ. ನವೆಂಬರ್ ಬಂತು.

ಇಂದು ಅಕ್ಕ

*

ಸೈಪ್ರೆಸ್
ಅಕ್ಟೋಬರ್ 26, 2020

ಅಕ್ಕಾ! ಅಕ್ಕಾ! ಅಕ್ಕಾ!

ಪ್ರತಿ ವರ್ಷ ಅಕ್ಟೋಬರಿನಲ್ಲಿ ನೀನು ತುಂಬಿಸುತ್ತೀಯ, ಮಾರ್ಚ್‌ವರೆಗೆ ಅದು ಹೊಟ್ಟೆಯಲ್ಲೇ ಕೊಳೆಯುತ್ತದೆ, ಆಮೇಲೆ ಭಾವ ಆ ಕೊಳೆತದ್ದನ್ನೇ ಉರಿಸಿ ‘ಒಣಗಿಸಿದೆ’ ಎಂದು ಕೈ ತೊಳೆದುಕೊಳ್ಳುತ್ತಾರೆ! ಪಾಪದ ಪ್ರಾಣಿ, ಇಷ್ಟು ವರ್ಷ ಹೇಗೆ ಬದುಕಿತ್ತೋ! ಸ್ಪಾರ್ಕ್ ಪ್ಲಗ್ಗಿನದು ಏನೂ ತಪ್ಪಿಲ್ಲ. ನಿನ್ನ ನೈವೇದ್ಯ ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂತಿದೆ.

ಬೇಜಾರು ಮಾಡಿಕೊಳ್ಳಬೇಡ. ಯಾವ ಮೆಕ್ಯಾನಿಕ್‌ಗೂ ಇದು ಹೊಳೆಯುತ್ತಿರಲಿಲ್ಲ. ಭಾವನಿಗೆ ಮಾತ್ರ ಹೇಳಬೇಡ.

ಈಗ ಕೇಳು. ಗರಾಜಿನ ಬಾಗಿಲು ಪೂರ್ತಿ ತೆರೆದಿಟ್ಟುಕೊಂಡು ಕೆಲಸ ಮಾಡು. ಟ್ಯಾಂಕಿನಲ್ಲಿದ್ದದ್ದನ್ನು ಕ್ಯಾನ್‌ಗೆ ಇಳಿಸು. ಇಂಜಿನ್ನಿನ ಪಕ್ಕದಲ್ಲಿ ಪುಟ್ಟ ಬಟ್ಟಲಿನಂಥದ್ದು ನೇತಾಡುತ್ತಿರುತ್ತದೆ, ಕೆಳಗೆ ಒಂದೇ ಬೋಲ್ಟ್. ಅದನ್ನು ಬಿಚ್ಚಿದರೆ ಬಟ್ಟಲು ಕೈಗೆ ಬರುತ್ತದೆ. ಒಳಗೆ ಜೇನಿನ ಬಣ್ಣದ ಅಂಟು ಇದ್ದರೆ ನಾನು ಹೇಳಿದ್ದು ಸರಿ. ಆ ಬೋಲ್ಟಿನಲ್ಲೇ ಸೂಜಿಮೊನೆಯಷ್ಟು ತೂತು ಇರುತ್ತದೆ, ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸಣ್ಣ ತಂತಿಯಲ್ಲಿ ಮೆಲ್ಲಗೆ ಬಿಡಿಸು. ಶ್ರಾವಣಿಯ ಹಳೆಯ ಗಿಟಾರ್ ಇದೆಯಲ್ಲ, ಅದರ ಅತಿ ತೆಳ್ಳನೆಯ ತಂತಿ ಸಾಕು. ಬಟ್ಟಲಿನ ಮೇಲೆ ತೇಲುವ ಪುಟ್ಟ ಬುರುಡೆ ಇದೆ, ಫ್ಲೋಟ್ ಅಂತ, ಅದನ್ನು ಹೇಗಿತ್ತೋ ಹಾಗೇ ಕೂರಿಸಬೇಕು. ಬಿಚ್ಚುವ ಮೊದಲು ಫೋಟೋ ತೆಗೆದುಕೋ.

ಸುಧಿ

*

ಪ್ಲೇನೋ
ನವೆಂಬರ್ 29, 2020

ಸುಧಿ,

ತಿಂಗಳಾಯಿತು ಬರೆಯದೆ. ಇಲ್ಲಿ ವಿಶೇಷವೇನೂ ಇಲ್ಲ. ಇವರು ಮೈಯಲ್ಲಿ ಸ್ವಲ್ಪ ನೀರು ತುಂಬಿಕೊಂಡು ಆಸ್ಪತ್ರೆಯಲ್ಲಿದ್ದು ಬಂದರು. ಸ್ವಲ್ಪವೇ. ಕೋವಿಡ್ ಎಂದು ನನ್ನನ್ನು ಒಳಗೆ ಬಿಡಲಿಲ್ಲ, ನಾನು ಪಾರ್ಕಿಂಗಿನಲ್ಲಿ ಕಾರಿನಲ್ಲೇ ಕೂತಿರುತ್ತಿದ್ದೆ. ಈಗ ಮನೆಯಲ್ಲಿದ್ದಾರೆ, ಉಪ್ಪಿನ ಡಬ್ಬಿಯ ಮೇಲೆ ಕಿವಿ ಇಟ್ಟಿದ್ದಾರೆ, ಹಾಗಾಗಿ ಚೆನ್ನಾಗಿದ್ದಾರೆ ಎಂದು ತಿಳಿದುಕೋ.

ಕಳೆದ ವಾರ ಬಟ್ಟಲು ಬಿಚ್ಚಿದೆ. ಅಯ್ಯೋ, ಪಾಕ ಮುರಿದ ಬೆಲ್ಲದ ಹಾಗೆ ತಳಕ್ಕೆ ಕಚ್ಚಿತ್ತು. ನನ್ನ ಕೈಯಾರೆ ಹಾಕಿದ್ದು. ಸಿಂಪಡಿಸಿ, ತಿಕ್ಕಿ, ಗಿಟಾರಿನ ತಂತಿ ಹಾಕಿ ಬಿಡಿಸಿದೆ. ಶ್ರಾವಣಿಗೆ ಹೇಳಿಲ್ಲ. ಎಲ್ಲ ಜೋಡಿಸಿ ಪೆಟ್ರೋಲ್ ಹಾಕಿದರೆ ಕೆಳಗಿನಿಂದ ತೊಟ್ಟಿಕ್ಕಲು ಶುರು. ಮತ್ತೆ ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ತೊಟ್ಟಿಕ್ಕಿತು. ನೆಲದ ಮೇಲೆ ಕೂತು ಅತ್ತುಬಿಟ್ಟೆ ಸುಧಿ. ಯಂತ್ರಕ್ಕಾಗಿ ಅಳುವಷ್ಟು ಹುಚ್ಚಿ ನಾನಲ್ಲ, ನಿನಗೆ ಗೊತ್ತು.

ಕುರ್ಚಿಯಲ್ಲಿ ಕೂತಿದ್ದ ಇವರು ತಣ್ಣಗೆ ಹೇಳಿದರು, ‘ನಿನ್ ತಮ್ಮನ್ನ ಕೇಳು, ಫ್ಲೋಟ್ ತಲೆಕೆಳಗಾಗಿದ್ಯಾ ಅಂತ.’

ನಾನು ಕಕ್ಕಾಬಿಕ್ಕಿ. ‘ಯಾವ ತಮ್ಮ?’ ಎಂದೆ.

‘ಎಷ್ಟ್ ಜನ ಇದಾರೆ? ಪ್ರಿಂಟ್ ತೆಗೆದು ಬೇಳೆ ಡಬ್ಬದ ಕೆಳಗಿಡ್ತೀಯಲ್ಲ, ಅವನು. ಚೆನ್ನಾಗೇ ಬರೀತಾನೆ. ಬಿಸ್ಲು ಎತ್ತಿ ಹಾಕೋನು.’

ಹಾಗಾದರೆ ಅಕ್ಟೋಬರಿನದೂ ಓದಿದ್ದಾರೆ. ನನ್ನ ನೈವೇದ್ಯದ ಕಥೆ ಅಷ್ಟೂ. ಒಂದು ಮಾತೂ ಆಡಲಿಲ್ಲ.

ಫ್ಲೋಟ್ ತಲೆಕೆಳಗಾಗಿತ್ತು. ಸರಿ ಮಾಡಿದೆ, ತೊಟ್ಟಿಕ್ಕುವುದು ನಿಂತಿತು. ಆದರೆ ಇನ್ನೂ ಏಳುತ್ತಿಲ್ಲ.

ಇಂದು ಅಕ್ಕ

*

ಸೈಪ್ರೆಸ್
ಡಿಸೆಂಬರ್ 6, 2020

ಅಕ್ಕಾ,

‘ಸ್ವಲ್ಪ ನೀರು’ ಎಂದರೆ ಏನು? ಎಷ್ಟು ದಿನ ಇದ್ದರು? ಆಸ್ಪತ್ರೆಯ ಸುದ್ದಿಯನ್ನು ಫ್ಲೋಟಿನ ಪಕ್ಕ ಸಾಸಿವೆಯಂತೆ ಉದುರಿಸಿ ಮುಂದೆ ಹೋಗಬೇಡ. ನನಗೆ ಸರಿಯಾಗಿ ಬರೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಕದ್ದು ಓದುತ್ತಿದ್ದರೆ ನೇರವಾಗಿಯೇ ಹೇಳುತ್ತೇನೆ: ಭಾವ, ಅವತ್ತಿನ ಮಾತಿಗೆ ಕ್ಷಮಿಸಿ. ನಾಲಿಗೆ ಉದ್ದ ನನ್ನದು. ನೀವೇ ಪಕ್ಕದಲ್ಲಿ ಕೂತು ಅಕ್ಕನಿಗೆ ಹೇಳಿಕೊಡಿ, ನಾನು ಬರೆಯುವುದಕ್ಕಿಂತ ಅದು ವಾಸಿ.

ಇನ್ನೊಂದು ಸಣ್ಣ ತೂತು ಇರುತ್ತದೆ, ಬಟ್ಟಲು ತೆಗೆದ ಮೇಲೆ ಒಳಗೆ ಮೇಲ್ಗಡೆ. ಟಾರ್ಚ್ ಬಿಟ್ಟು ನೋಡಿ. ಅದನ್ನೂ ಬಿಡಿಸಿ, ಹೊಸ ಪೆಟ್ರೋಲ್ ಹಾಕಿ. ಹಳೆಯ ಕ್ಯಾನಿನದು ಬೇಡ.

ಸುಧಿ

*

ಪ್ಲೇನೋ
ಜನವರಿ 3, 2021

ಸುಧೀ!

ಎದ್ದ! ಎದ್ದನೋ! ಇವತ್ತು ಬೆಳಿಗ್ಗೆ ಹಗ್ಗ ಎಳೆದೆ, ಭರ್ರ್ ಎಂದ, ನಿಲ್ಲಲೇ ಇಲ್ಲ. ಗರಾಜೆಲ್ಲ ಹೊಗೆ. ನಾನು ಕುಣಿದುಬಿಟ್ಟೆ, ಅರವತ್ತರ ಹೆಂಗಸು, ನೈಟಿಯಲ್ಲಿ. ಇವರು ಕುರ್ಚಿಯಿಂದ ಎದ್ದು ಬಂದು ಬಲಗೈಯನ್ನು ಅದರ ಬೆನ್ನ ಮೇಲಿಟ್ಟು ನಿಂತರು. ಕಣ್ಣಲ್ಲಿ ನೀರು. ಹೊಗೆಗೆ ಎಂದರು. ಆಗಲಿ ಬಿಡಿ, ಹೊಗೆಗೇ ಎಂದೆ.

ಆಮೇಲೆ ನನ್ನ ಕೈಗೆ ಕೊಟ್ಟು, ಗಲ್ಲಿಯ ಉದ್ದಕ್ಕೂ ದೊಡ್ಡ ರಸ್ತೆ ಸಿಗುವವರೆಗೆ ಹೋಗಿ ಬಾ ಎಂದರು. ಬೆಳ್ಳಂಬೆಳಿಗ್ಗೆ ಒಂದು ಚೂರೂ ಹಿಮವಿಲ್ಲದ ಗಲ್ಲಿಯಲ್ಲಿ ಸ್ನೋ ಬ್ಲೋವರ್ ತಳ್ಳಿಕೊಂಡು ಹೋದೆ. ನಾಯಿ ಕರೆದುಕೊಂಡು ಬಂದವರು ನಿಂತು ನೋಡಿದರು. ನೋಡಲಿ. ‘ದೊಡ್ಡ ರಸ್ತೆಗೆ ಮರಳು ಹಾಕ್ತಾರೆ. ಅಲ್ಲೀವರೆಗೂ ನಾವು ಬಿಡಿಸ್ಕೊಂಡ್ರೆ ಸಾಕು, ಡಯಾಲಿಸಿಸ್ ಸೆಂಟರ್‌ಗೆ ಹೋಗ್ಬಹುದು’ ಎಂದು ಇವರು ಲೆಕ್ಕ ಹಾಕಿಟ್ಟಿದ್ದಾರೆ. ಮಧ್ಯಾಹ್ನ ಎರಡು ಚಪಾತಿ ಜಾಸ್ತಿ ತಿಂದರು. ಎಷ್ಟು ದಿನವಾಗಿತ್ತು.

ಈಗ ಒಂದು ಪ್ರಶ್ನೆ. ಇವರು ಟ್ಯಾಂಕ್ ತುಂಬಿಯೇ ಇರಲಿ, ಹಿಮ ಬೀಳುವ ಕಾಲ ಇದೇ ಎನ್ನುತ್ತಾರೆ. ನನಗೆ ಬಟ್ಟಲಿನ ಅಂಟು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಇರಲೋ, ಇಳಿಸಲೋ? ನೀನು ಹೇಳಿದಂತೆ ಮಾಡುತ್ತೇನೆ.

ಇಂದು ಅಕ್ಕ

*

ಸೈಪ್ರೆಸ್
ಜನವರಿ 6, 2021

ಅಕ್ಕಾ,

ಶಹಭಾಸ್! ನಮ್ಮ ಪ್ಲಾಂಟಿನಲ್ಲಿ ಕೆಲಸ ಖಾಲಿ ಇದೆ, ಅರ್ಜಿ ಹಾಕು.

ಇಳಿಸಿಬಿಡು. ಕೊನೆಯ ಹನಿ ಉರಿಯುವವರೆಗೆ ಓಡಿಸಿ ನಿಲ್ಲಿಸು. ಕ್ಯಾನಿನಲ್ಲಿ ಉಳಿದದ್ದನ್ನೂ ಕಾರಿಗೆ ಸುರಿ. ನಿಮ್ಮ ಗರಾಜಿನಲ್ಲೇ ವಾಟರ್ ಹೀಟರ್ ಉರಿಯುತ್ತಿರುತ್ತದೆ, ಅಲ್ಲಿ ಪೆಟ್ರೋಲ್ ಇಟ್ಟುಕೊಳ್ಳುವುದು ನನಗೆ ಮೊದಲಿನಿಂದಲೂ ಇಷ್ಟವಿಲ್ಲ. ಹಿಮ ಬರುತ್ತದೆ ಎಂದು ಸುದ್ದಿ ಬಂದ ದಿನ ಬಂಕಿಗೆ ಹೋಗಿ ತಂದರಾಯಿತು, ಹತ್ತು ನಿಮಿಷದ ಕೆಲಸ. ಭಾವನ ಆಸೆ ಗಜೇಂದ್ರ ಏಳಬೇಕು ಎಂಬುದು, ಎದ್ದಾಯಿತು. ಅವರಿಗೆ ತುಂಬಿದೆ ಎಂದೇ ಹೇಳು, ನಿಶ್ಚಿಂತೆಯಾಗಿ ಮಲಗಲಿ. ಫೆಬ್ರವರಿ ಕಳೆದರೆ ಈ ಮಾತೇ ಇರುವುದಿಲ್ಲ.

ಸುಧಿ

*

ಪ್ಲೇನೋ
ಜನವರಿ 10, 2021

ಸುಧಿ,

ನೀನು ಹೇಳಿದಂತೆ ಮಾಡಿದೆ. ಇವರು ಸೆಂಟರಿನಲ್ಲಿದ್ದಾಗ ಓಡಿಸಿ ಒಣಗಿಸಿದೆ, ಕ್ಯಾನಿನದನ್ನು ಕಾರಿಗೆ ಸುರಿದೆ. ಇವರು ಬಂದು ‘ತುಂಬ್ಸಿದ್ಯಾ?’ ಎಂದರು. ‘ತುಂಬ್ಸಿದೀನಿ’ ಎಂದೆ. ನಲವತ್ತು ವರ್ಷದ ಸಂಸಾರದಲ್ಲಿ ಇವರಿಗೆ ಸೀರೆಯ ಬೆಲೆ ಬಿಟ್ಟರೆ ಇನ್ನೇನನ್ನೂ ಸುಳ್ಳು ಹೇಳಿರಲಿಲ್ಲ. ಮನಸ್ಸಿಗೆ ಹಿತವಾಗಲಿಲ್ಲ. ಆದರೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ, ಅದೇ ಸಮಾಧಾನ.

ಇಂದು ಅಕ್ಕ

*

ಪ್ಲೇನೋ
ಫೆಬ್ರವರಿ 16, 2021, ಮಂಗಳವಾರ

ಸುಧಿ,

ಇದನ್ನು ಕಾಗದದ ಮೇಲೆ ಬರೆಯುತ್ತಿದ್ದೇನೆ. ನಿನ್ನೆಯಿಂದ ಕರೆಂಟ್ ಇಲ್ಲ. ನಿನ್ನ ಫೋನ್ ಹತ್ತುತ್ತಿಲ್ಲ, ನಿಮ್ಮಲ್ಲೂ ಇದೇ ಗತಿಯಂತೆ. ಅಂಚೆಯವನು ಬಂದ ದಿನ ಹಾಕುತ್ತೇನೆ. ಕೈ ಸೆಟೆದಿದೆ, ಅಕ್ಷರ ಹೇಗೆ ಬಂದರೂ ಓದಿಕೋ.

ಹಿಮದ ಸುದ್ದಿ ಬಂತು. ಶನಿವಾರ ಇವರ ಡಯಾಲಿಸಿಸ್ ಮುಗಿಸಿ ಬರುತ್ತಾ ಬಂಕಿಗೆ ಹೋದೆ. ಕಾರುಗಳ ಸಾಲು ರಸ್ತೆಯವರೆಗೂ ಬಂದಿತ್ತು. ಇವರು ಸೀಟಿನಲ್ಲೇ ತಲೆ ವಾಲಿಸಿದ್ದರು, ನಡುಗುತ್ತಿದ್ದರು. ನಾಳೆ ತಂದರಾಯಿತು ಎಂದು ಮನೆಗೆ ಬಂದೆ. ಭಾನುವಾರ ಬೆಳಿಗ್ಗೆಯೇ ಬಿದ್ದಿತು. ಇದು ಮಿನೆಸೋಟಾದ ಹಿಮ ಸುಧಿ, ಕರಗುವ ಜಾತಿಯದಲ್ಲ. ಗಾಳಿಗೆ ಗಲ್ಲಿಯೊಳಗೆ ಬಂದು ಮೊಣಕಾಲವರೆಗೆ ಕೂತಿದೆ. ಬಂಕಿನಲ್ಲಿ ಕರೆಂಟ್ ಇಲ್ಲ, ಪಂಪ್ ಓಡುವುದಿಲ್ಲ.

ಇವತ್ತು ಬೆಳಿಗ್ಗೆ ಸೆಂಟರಿನಿಂದ ಫೋನ್ ಬಂತು. ಜನರೇಟರ್ ಮೇಲೆ ನಡೆಸುತ್ತಿದ್ದೇವೆ, ಮಧ್ಯಾಹ್ನ ಎರಡರವರೆಗೆ ತೆರೆದಿರುತ್ತೇವೆ, ಹೇಗಾದರೂ ಕರೆದುಕೊಂಡು ಬನ್ನಿ ಎಂದಳು ಆ ಹುಡುಗಿ. ಇವರಿಗೆ ಹೇಳಿದೆ. ಕಂಬಳಿಯಿಂದ ಮುಖ ಹೊರಗೆ ಹಾಕಿ ನಕ್ಕರು. ‘ನೋಡ್ದ್ಯಾ? ಗಜೇಂದ್ರನ್ನ ಎಬ್ಬಿಸು’ ಎಂದರು. ಆ ಮುಖ ನೀನು ನೋಡಬೇಕಿತ್ತು. ಎಷ್ಟು ಧೈರ್ಯ ಅದರಲ್ಲಿ.

ಹೇಳಲೇಬೇಕಾಯಿತು. ಟ್ಯಾಂಕಿನಲ್ಲಿ ಹನಿಯಿಲ್ಲ, ಕ್ಯಾನಿನಲ್ಲೂ ಇಲ್ಲ ಎಂದೆ.

ಕಾರಿನಿಂದ ಎಳೆಯೋಣ ಎಂದು ಟ್ಯೂಬ್ ಹಾಕಿ ನೋಡಿದೆ, ಒಳಗೆ ಏನೋ ಅಡ್ಡ ಇದೆ, ಹೋಗುವುದಿಲ್ಲ. ಮನೆ ಮನೆ ಬಾಗಿಲು ಬಡಿದೆ. ಎಲ್ಲರಿಗೂ ಹುಲ್ಲು ಕತ್ತರಿಸಲು ಹೊರಗಿನವರು ಬರುತ್ತಾರೆ, ಯಾರ ಮನೆಯಲ್ಲೂ ಕ್ಯಾನಿಲ್ಲ. ಒಬ್ಬರು ಸಲಿಕೆ ಹಿಡಿದು ಬಂದರು. ಇಬ್ಬರೂ ಸೇರಿ ಏರು ಮಾತ್ರ ಬಿಡಿಸಿದೆವು, ಕಾರು ಗಲ್ಲಿಯಲ್ಲಿ ನಾಲ್ಕು ಮಾರು ಹೋಗಿ ಹೂತಿತು. ಆಂಬ್ಯುಲೆನ್ಸಿಗೆ ಫೋನ್ ಮಾಡಿದರೆ, ಉಸಿರಾಡುತ್ತಿದ್ದಾರೆಯೇ, ಹಾಗಾದರೆ ಕಾಯಬೇಕು ಎಂದರು. ಶ್ರಾವಣಿ ಸೀಡರ್ ಪಾರ್ಕಿನಿಂದ ಹೊರಡುತ್ತೇನೆ ಎಂದು ಅಳುತ್ತಾಳೆ, ಅಲ್ಲಿ ರಸ್ತೆಯೇ ಇಲ್ಲ. ಗಡಿಯಾರ ನೋಡುತ್ತಾ ಕೂತೆ. ಎರಡು ಹೊಡೆದಾಯಿತು.

ನನಗೆ ನಿನ್ನ ಮೇಲೆ ಕೋಪ ಬಂದಿದೆ ಸುಧಿ. ಎಷ್ಟೆಂದರೆ, ನೀನು ಎದುರಿಗಿದ್ದರೆ ಕೆನ್ನೆಗೆ ಬಿಟ್ಟುಬಿಡುತ್ತಿದ್ದೆ. ಇವರು ತುಂಬಿಡು ಎಂದಿದ್ದರು. ನೀನು ನಂಬಲಿಲ್ಲ. ಇವರ ಭಯಕ್ಕೆ ಮಗುವಿಗೆ ಗಿಲಕಿ ಕೊಟ್ಟ ಹಾಗೆ ಏನೋ ಕೊಟ್ಟು ಸುಮ್ಮನಾಗಿಸಿದೆ. ನಾನೂ ನಿನ್ನ ಮಾತು ಕೇಳಿದೆ. ಇವರ ಮಾತು ಬಿಟ್ಟು ನಿನ್ನ ಮಾತು ಕೇಳಿದೆ.

ಇವರು ಬೈಯಲಿಲ್ಲ. ‘ಹೋಗ್ಲಿ ಬಿಡು ಇಂದೂ. ಗುರುವಾರ ಹೋದ್ರಾಯ್ತು’ ಎಂದರು. ಕಂಬಳಿ ಮತ್ತೆ ಮೇಲೆಳೆದುಕೊಂಡು, ‘ಈ ಪೆಟ್ರೋಲಿನ್ ವಿಷ್ಯ ಸುಧಿಗೆ ಹೇಳ್ಬೇಡ. ಪಾಪ, ತಲೇಲಿ ಕೂತ್ಬಿಡುತ್ತೆ ಅವನಿಗೆ’ ಎಂದರು.

ನಾನು ಹೇಳುತ್ತೇನೆ. ಹೇಳದೆ ಬಿಡುವುದಿಲ್ಲ. ನಿನಗೂ ಗೊತ್ತಾಗಲಿ.

ಇವರ ಪಾದ ಊದಿದೆ. ಇರುವ ಕಂಬಳಿಯೆಲ್ಲ ಹೊದಿಸಿದ್ದೇನೆ. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ.

ಇಂದು

*

ಸೈಪ್ರೆಸ್
ಫೆಬ್ರವರಿ 19, 2021

ಅಕ್ಕಾ,

ಈಗ ತಾನೇ ಕರೆಂಟ್ ಬಂತು, ಫೋನ್ ಇನ್ನೂ ಜೀವ ಹಿಡಿಯುತ್ತಿದೆ, ಮೊದಲ ಕೆಲಸ ಇದು. ನಮ್ಮಲ್ಲಿ ಪೈಪ್ ಒಡೆದು ಹಾಲ್ ಎಲ್ಲ ಕೆರೆ. ಜೀವಕ್ಕೇನೂ ತೊಂದರೆಯಿಲ್ಲ.

ಭಾವನಿಗೆ ಹೇಳು, ಸುಧಿ ಸೋತ. ಸಾಷ್ಟಾಂಗ ಸೋತ. ಸ್ನೋ ಬ್ಲೋವರ್ ಇರುವ ಒಂದೇ ಮನೆ ಇಡೀ ಪ್ಲೇನೋದಲ್ಲಿ ನಿಮ್ಮದೇ ಇರಬೇಕು! ಎಷ್ಟು ಜನರ ಡ್ರೈವ್‌ವೇ ಬಿಡಿಸಿಕೊಟ್ಟಿರಿ? ನೀನು ತಳ್ಳುತ್ತಿರುವ ಫೋಟೋ ಬೇಕು ನನಗೆ, ಗೋಡೆಗೆ ಹಾಕುತ್ತೇನೆ. ಮುಂದಿನ ಗೃಹಪ್ರವೇಶದಲ್ಲಿ ಎಲ್ಲರೆದುರು ಭಾವನ ಕ್ಷಮೆ ಕೇಳುತ್ತೇನೆ.

ನೀನು ಬಂಕಿಗೆ ಮೊದಲೇ ಹೋಗಿ ಪೆಟ್ರೋಲ್ ತಂದಿದ್ದೆ ತಾನೇ?

ನಿನ್ನ ಫೋನ್ ಸುಮ್ಮನೆ ರಿಂಗ್ ಆಗುತ್ತಿದೆ. ನೋಡಿದ ತಕ್ಷಣ ಒಂದು ಸಾಲು ಬರೆ.

ಸುಧಿ

*

ಸೈಪ್ರೆಸ್
ಮಾರ್ಚ್ 14, 2021

ಅಕ್ಕಾ,

ಭಾವನ ವೈಕುಂಠ ಸಮಾರಾಧನೆ ಮುಗಿಯುವವರೆಗೆ ನಿನ್ನ ಮನೆಯಲ್ಲೇ ಇದ್ದೆ. ಎದುರೆದುರು ಕೂತು ಊಟ ಮಾಡಿದೆವು. ಬಾಯಿ ಬಿಟ್ಟು ಕೇಳಲಾಗಲಿಲ್ಲ. ಇಲ್ಲಿಗೆ ಬಂದು ಬರೆಯುತ್ತಿದ್ದೇನೆ. ಹೇಡಿ ಎಂದುಕೋ.

ಬಂದ ಮರುದಿನ ಬ್ರಾಹ್ಮಣರ ಮಣೆ ತರಲು ಗರಾಜಿಗೆ ಹೋದೆ. ಗಜೇಂದ್ರನ ಟ್ಯಾಂಕಿನ ಮುಚ್ಚಳ ತೆರೆದು ನೋಡಿದೆ. ಒಣಗಿತ್ತು. ವಾಸನೆಯೂ ಇರಲಿಲ್ಲ. ಅವತ್ತಿನಿಂದ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ.

ಶ್ರಾವಣಿ ಹೇಳಿದ್ದಿಷ್ಟು: ಶನಿವಾರ ಆದ ಮೇಲೆ ಡಯಾಲಿಸಿಸ್ ಆಗಲಿಲ್ಲ, ಗುರುವಾರ ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಮೈಯೆಲ್ಲ ನೀರು ತುಂಬಿತ್ತು, ಶುಕ್ರವಾರ ಬೆಳಿಗ್ಗೆ ಹೃದಯ ನಿಂತಿತು. ನಾನು ಆ ತಮಾಷೆಯ ಮೇಲ್ ಬರೆದ ದಿನ. ಅದನ್ನು ನೀನು ಓದಿರಬೇಡ ಎಂದು ದೇವರನ್ನು ಕೇಳಿಕೊಳ್ಳುತ್ತೇನೆ. ಮಂಗಳವಾರ ಏನಾಯಿತು ಎಂದು ಅವಳಿಗೂ ಸರಿಯಾಗಿ ಗೊತ್ತಿಲ್ಲ. ಆ ವಾರ ನೀನು ಬರೆದದ್ದು ಎಂದು ಇವತ್ತಿನವರೆಗೆ ನನಗೆ ಒಂದು ಸಾಲೂ ಬಂದಿಲ್ಲ, ಮೇಲೂ ಇಲ್ಲ, ಕಾಗದವೂ ಇಲ್ಲ.

ಕೇಳಿಬಿಡುತ್ತೇನೆ. ಆ ಮಂಗಳವಾರ ಸೆಂಟರ್ ತೆರೆದಿತ್ತೇ? ಪೆಟ್ರೋಲ್ ಇದ್ದಿದ್ದರೆ ಭಾವನನ್ನು ಕರೆದುಕೊಂಡು ಹೋಗಬಹುದಿತ್ತೇ? ನಿಜ ಹೇಳು. ಇಳಿಸು ಎಂದವನು ನಾನು. ತುಂಬಿದೆ ಎಂದು ಸುಳ್ಳು ಹೇಳಿಸಿದವನೂ ನಾನು. ಹೌದು ಎಂದರೆ ಹೌದು ಎಂದೇ ಬರೆ, ಹೊರುತ್ತೇನೆ. ಗೊತ್ತಿಲ್ಲದೆ ಇರಲು ಮಾತ್ರ ಆಗುತ್ತಿಲ್ಲ.

ಸುಧೀಂದ್ರ

*

ಪ್ಲೇನೋ
ಮಾರ್ಚ್ 21, 2021

ಸುಧಿ,

ವಾರವಾಯಿತು ನಿನಗೆ ಉತ್ತರ ಬರೆಯದೆ. ಶ್ರಾವಣಿ ಇದ್ದಳು, ಅವಳ ಮುಂದೆ ಕಂಪ್ಯೂಟರ್ ತೆಗೆಯಲು ಮನಸ್ಸಾಗಲಿಲ್ಲ. ನಿನ್ನೆ ಅವಳನ್ನು ಬಲವಂತವಾಗಿ ಸೀಡರ್ ಪಾರ್ಕಿಗೆ ಕಳಿಸಿದೆ. ಅವಳಿಗೂ ಕೆಲಸವಿದೆ. ಮನೆಯಲ್ಲಿ ಈಗ ನಾನು ಉಪ್ಪು ಎಷ್ಟು ಹಾಕಿದರೂ ಕೇಳುವವರಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ, ಸರಿಯಾಗಿ ಓದಿಕೋ, ಮತ್ತೆ ಮತ್ತೆ ಕೇಳಬೇಡ.

ಮಂಗಳವಾರ ಬೆಳಿಗ್ಗೆ ಸೆಂಟರಿನಿಂದ ಫೋನ್ ಬಂದಿತ್ತು. ಕರೆಂಟ್ ಇಲ್ಲ, ನೀರಿಲ್ಲ, ಇವತ್ತು ತೆರೆಯುವುದಿಲ್ಲ, ಯಾರೂ ಬರಬೇಡಿ ಎಂದಳು ಆ ಹುಡುಗಿ. ಗಜೇಂದ್ರನ ಹೊಟ್ಟೆ ತುಂಬಿದ್ದರೂ ನಾವು ಹೋಗುವುದಕ್ಕೆ ಜಾಗವೇ ಇರಲಿಲ್ಲ. ಗರಾಜಿನ ಬಾಗಿಲನ್ನೂ ನಾನು ತೆರೆಯಲಿಲ್ಲ. ಪೆಟ್ರೋಲಿನ ಮಾತೇ ಏಳಲಿಲ್ಲ. ನಿಮ್ಮ ಭಾವ ಕೊನೆಯವರೆಗೂ ಟ್ಯಾಂಕ್ ತುಂಬಿದೆ ಎಂದೇ ತಿಳಿದಿದ್ದರು, ನಿನ್ನನ್ನು ಹೊಗಳುತ್ತಿದ್ದರು.

ಸೆಂಟರ್ ಮುಚ್ಚಿತ್ತು ಸುಧಿ. ನಿನ್ನದೇನೂ ತಪ್ಪಿಲ್ಲ. ಹೊಟ್ಟೆ ತುಂಬ ಊಟ ಮಾಡು.

ಇಂದು ಅಕ್ಕ